ರಾಜಿ ಆಗ್ಲಿ, ಆದ್ರೆ ಲೆಕ್ಕ ಗೊತ್ತಿರ್ಲಿ: ಅಪಘಾತ, ಊರ ಹಿರಿಯರು ಮತ್ತೆ ಕೋರ್ಟು

ಪ್ರಶ್ನೆ: "ಸರ್, ನಮ್ದು ಅಂಕೋಲಾ ತಾಲೂಕಿನ ಸಮುದ್ರದ ಬದಿಯ ಹಳ್ಳಿ. ನನ್ನ ತಮ್ಮಂಗೆ 34 ವರ್ಷ, ಬೋಟಿಗೆ ಹೋಗೋನು. ನಾಲ್ಕು ತಿಂಗಳ ಹಿಂದೆ ಬೆಳಿಗ್ಗೆ ಹೆದ್ದಾರಿ 66ರಲ್ಲಿ ಬೈಕ್ ಮೇಲೆ ಹೋಗ್ತಿದ್ದಾಗ ಹಿಂದಿಂದ ಗೂಡ್ಸ್ ಟೆಂಪೋ ಹೊಡೀತು. ಎಡಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದು ರಾಡ್ ಹಾಕಿದಾರೆ. ಮೊದಲು 108ರಲ್ಲಿ ಕಾರವಾರಕ್ಕೆ, ಅಲ್ಲಿಂದ ಗೋವಾಕ್ಕೆ ಕರ್ಕೊಂಡು ಹೋದ್ವಿ. ಟೆಂಪೋ ಮಾಲೀಕರು ಪಕ್ಕದೂರಿನವರು, ನಮ್ಮ ಭಾವನ ಕಡೆಯಿಂದ ಸಂಬಂಧಾನೂ ಹೌದು. ಓಡಿಸ್ತಿದ್ದವ ಅವರ ತಮ್ಮನ ಮಗ, 22 ವರ್ಷದ ಹುಡುಗ. ಅವರು ಕೇಳ್ಕೊಂಡ್ರು ಅಂತ ಆಸ್ಪತ್ರೆಯಲ್ಲಿ 'ಬೈಕ್ ಸ್ಕಿಡ್ ಆಗಿ ಬಿದ್ದ' ಅಂತ ಬರೆಸಿಬಿಟ್ವಿ, ಪೊಲೀಸ್ ಕಂಪ್ಲೇಂಟ್ ಮಾಡ್ಲಿಲ್ಲ. ಅವರು ಫೋನ್‌ಪೇದಲ್ಲಿ 40 ಸಾವಿರ ಹಾಕಿದಾರೆ. ಈಗ ಊರ ಹಿರಿಯರು ಕೂತು ಒಟ್ಟು 1 ಲಕ್ಷಕ್ಕೆ ಮಾತು ಮುಗಿಸಿದಾರೆ, ಉಳಿದ 60 ಸಾವಿರ ಬೇಕಾದ್ರೆ 'ಮುಂದೆ ಯಾವ ಕೇಸೂ ಮಾಡೋದಿಲ್ಲ' ಅಂತ ಬಾಂಡ್ ಪೇಪರಿಗೆ ಸಹಿ ಹಾಕ್ಬೇಕಂತೆ. ತಮ್ಮ ಇನ್ನೂ ಹಾಕಿಲ್ಲ. ಆಯಿ ದೇವಸ್ಥಾನದಲ್ಲಿ ದೇವರ ಅಪ್ಪಣೆಗೆ ಪ್ರಸಾದ ಕೇಳಿ ಬಂದಾಳೆ, 'ಆದದ್ದು ಆಯ್ತು, ಆ ಹುಡುಗನ ಮನೆ ಹಾಳು ಮಾಡೋದು ಬೇಡ' ಅಂತಾಳೆ. ಅಮೇರಿಕಾದಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿ 'ಇಲ್ಲಾಗಿದ್ರೆ ಮರುದಿನಾನೇ ಕೇಸು, ನಮ್ಮ ಜನಕ್ಕೆ ಕಾನೂನಿನ ಅರಿವೇ ಇಲ್ಲ, ಅದು ನಮ್ಮ ರಕ್ತದಲ್ಲೇ ಇಲ್ಲ' ಅಂತ ಬೈದ. ತಮ್ಮ ಮೂರು ಹೊತ್ತೂ ಗೋಡೆ ನೋಡ್ಕೊಂಡು ಕೂತಿರ್ತಾನೆ. ಯಾರ ಮಾತು ಕೇಳೋದು?"

ಉತ್ತರ:

ಅಕ್ಕಾ, ಮೊದಲು ಒಂದು ಮಾತು: ಆ ಬಾಂಡ್ ಪೇಪರಿಗೆ ಈಗ್ಲೇ ಸಹಿ ಬೇಡ. ರಾಜಿ ಮಾಡ್ಕೋಬೇಡಿ ಅಂತ ನಾ ಹೇಳ್ತಿಲ್ಲ, ಪೂರ್ತಿ ಓದಿ ಆಮೇಲೆ ಮನೆಯವರೆಲ್ಲ ಕೂತು ತೀರ್ಮಾನ ಮಾಡಿ. ಆದ್ರೆ ನಿಮ್ಮ ಹತ್ರ ಹೆಚ್ಚು ಟೈಮಿಲ್ಲ, ಯಾಕೆ ಅಂತ ಮುಂದೆ ಹೇಳ್ತೇನೆ.

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇದೆ. ಒಂದು ತಮ್ಮನ ಕಾಲಿನ ಪರಿಹಾರದ್ದು. ಇನ್ನೊಂದು ನಿಮ್ಮನ್ನ ಹೆಚ್ಚು ಚುಚ್ತಿರೋದು, ನಾವು ಕೋರ್ಟಿಗೆ ಹೋಗೋಕೆ ಹಿಂದೇಟು ಹಾಕೋದು ನಮ್ಮ ದಡ್ಡತನಾನಾ ಅಥವಾ ನಮ್ಮ ಒಳ್ಳೇತನಾನಾ ಅನ್ನೋದು. ಕಾರವಾರ ಕೋರ್ಟಲ್ಲಿ ಅಪಘಾತದ ಕೇಸು ನಡೆಸ್ತಾ ಬಂದಿರೋ ನನಗೆ ಈ ಎರಡನೇ ಪ್ರಶ್ನೆ ಬಗೆಹರಿಯದೆ ಮೊದಲನೇದು ಬಗೆಹರಿಯಲ್ಲ ಅನ್ಸುತ್ತೆ, ಯಾಕಂದ್ರೆ ಎಷ್ಟೋ ಮನೆಯವರು ನಮ್ಮ ಆಫೀಸಿಗೆ ಬರೋ ಹೊತ್ತಿಗೆ ಆರೇಳು ತಿಂಗಳು ಇದೇ ಗೊಂದಲದಲ್ಲಿ ಕಳೆದು ಹೋಗಿರುತ್ತೆ, ಕಾಗದ ಪತ್ರ ಎಲ್ಲ ಕೈ ಬಿಟ್ಟು ಹೋಗಿರುತ್ತೆ.

ನಿಮ್ಮ ಚಿಕ್ಕಪ್ಪನ ಮಗನ ಮಾತಿಂದಾನೇ ಶುರು ಮಾಡೋಣ. 'ರಕ್ತದಲ್ಲೇ ಇಲ್ಲ' ಅನ್ನೋ ಮಾತನ್ನ ಜಪಾನಿನವರ ಬಗ್ಗೆ ದೊಡ್ಡ ದೊಡ್ಡ ವಿದ್ವಾಂಸರೇ ಹೇಳಿದ್ರು. 1960ರ ದಶಕದಲ್ಲಿ ತಾಕೆಯೋಶಿ ಕವಾಶಿಮಾ ಅನ್ನೋ ಕಾನೂನು ಪ್ರಾಧ್ಯಾಪಕರು, ಜಪಾನಿನ ಜನಕ್ಕೆ ಹಕ್ಕು ಅಂತ ಖಡಾಖಂಡಿತ ಮಾತಾಡೋದೇ ಒಗ್ಗಲ್ಲ, ಸಂಬಂಧ ಕೆಡಬಾರದು ಅನ್ನೋದು ಅವರ ಸಂಸ್ಕೃತಿ, ಅದಕ್ಕೇ ಕೋರ್ಟಿಗೆ ಹೋಗಲ್ಲ ಅಂತ ಬರೆದ್ರು. ಎಲ್ಲರೂ ಒಪ್ಪಿದ್ರು. 1978ರಲ್ಲಿ ಜಾನ್ ಹೇಲಿ ಅನ್ನೋ ಅಮೇರಿಕಾದ ವಿದ್ವಾಂಸರು ಹಳೇ ಲೆಕ್ಕ ತೆಗೆದು ನೋಡಿ, ಎರಡನೇ ಮಹಾಯುದ್ಧಕ್ಕೆ ಮುಂಚೆ ಇದೇ ಜಪಾನಿನವರು ಆಮೇಲಿಗಿಂತ ಹೆಚ್ಚು ಕೇಸು ಹಾಕ್ತಿದ್ರಲ್ಲ, ರಕ್ತ ಏನು ನಡುವೆ ಬದಲಾಯ್ತಾ ಅಂತ ಕೇಳಿದ್ರು. ಜಡ್ಜುಗಳು ಕಮ್ಮಿ, ವಕೀಲರು ಕಮ್ಮಿ, ಕೇಸು ಮುಗಿಯೋದು ನಿಧಾನ, ಹಾಗಾಗಿ ಜನ ಬೇರೆ ದಾರಿ ಹುಡುಕ್ಕೊಂಡ್ರು ಅಂತ ಅವರ ವಾದ. ವಕೀಲಿಕೆ ಪರೀಕ್ಷೆಯಲ್ಲಿ ದಶಕಗಟ್ಟಲೆ ಇಡೀ ದೇಶಕ್ಕೆ ವರ್ಷಕ್ಕೆ ಸುಮಾರು 500 ಜನರನ್ನಷ್ಟೇ ಪಾಸ್ ಮಾಡ್ತಿದ್ರು ಅಲ್ಲಿ.

ಅಪಘಾತದ ವಿಷಯದಲ್ಲಿ ಜಪಾನಿನವರು ಇನ್ನೂ ಒಂದು ಕೆಲಸ ಮಾಡಿದ್ರು, ಇದು ನಿಮಗೆ ನೇರವಾಗಿ ಬೇಕಾಗಿದ್ದು. ವಾಹನ ಜಾಸ್ತಿ ಆಗಿ ಅಪಘಾತ ಏರಿದಾಗ ಯಾವ ಗಾಯಕ್ಕೆ ಎಷ್ಟು, ಯಾರ ತಪ್ಪು ಎಷ್ಟು ಪಾಲು ಅಂತ ಕೋರ್ಟಿನ ಕಡೆಯಿಂದಾನೇ ಪಟ್ಟಿ ತಯಾರಾಯ್ತು, ವಕೀಲರ ಸಂಘದವರು ಪುಕ್ಕಟೆ ಸಲಹಾ ಕೇಂದ್ರ ತೆಗೆದ್ರು, ಪೊಲೀಸರಿಂದ ಅಪಘಾತದ ಸರ್ಟಿಫಿಕೇಟ್ ಸಿಗೋ ಹಾಗಾಯ್ತು. ತಾಕಾವೋ ತಾನಾಸೆ ಅನ್ನೋರು 1990ರಲ್ಲಿ ಇದನ್ನ ವಿವರವಾಗಿ ಬರೆದಿದಾರೆ. ಅಲ್ಲಿ ಅಪಘಾತದ ಗಲಾಟೆ ಕೋರ್ಟ್ ತನಕ ಬರೋದು ತೀರಾ ಅಪರೂಪ, ಆದ್ರೂ ಗಾಯ ಆದವನ ಕೈಗೆ ಹಣ ಬರುತ್ತೆ. ಕೋರ್ಟಿಗೆ ಹೋದ್ರೆ ಎಷ್ಟು ಸಿಗ್ತಿತ್ತು ಅಂತ ಎರಡೂ ಕಡೆಯವರಿಗೆ ಮೊದಲೇ ಗೊತ್ತಿರುತ್ತೆ, ಹಾಗಾಗಿ ರಾಜಿ ಹೆಚ್ಚುಕಮ್ಮಿ ಅದೇ ಮೊತ್ತಕ್ಕೆ ಆಗುತ್ತೆ. ನಮ್ಮಲ್ಲೂ ರಾಜಿ ಆಗುತ್ತೆ, ಆದ್ರೆ ಕಟ್ಟೆ ಮೇಲೆ ಕೂತ ಹತ್ತು ಜನರಲ್ಲಿ ಒಬ್ಬರಿಗೂ ಆ ಮೊತ್ತ ಗೊತ್ತಿರಲ್ಲ. ವ್ಯತ್ಯಾಸ ಇರೋದು ಇಲ್ಲಿ.

ಇನ್ನು ಅಮೇರಿಕಾ. ಅಲ್ಲಿ ಎಲ್ರೂ ಮರುದಿನಾನೇ ಕೇಸು ಹಾಕ್ತಾರೆ ಅನ್ನೋದು ಅರ್ಧ ಸತ್ಯ. ಡೇವಿಡ್ ಎಂಗೆಲ್ ಅನ್ನೋರು ಇಲಿನಾಯ್ ರಾಜ್ಯದ ಒಂದು ಹಳ್ಳಿಗಾಡಿನ ಜಿಲ್ಲೆಯಲ್ಲಿ ಅಧ್ಯಯನ ಮಾಡಿ 1984ರಲ್ಲಿ ಬರೆದಿದಾರೆ, ಊರಿನ ಹೆಸರು ಬದಲಾಯಿಸಿ ಬರೆದಿದ್ದು. ಅಲ್ಲಿನ ಹಳೇ ರೈತ ಮನೆತನದವರಿಗೆ, ಪೆಟ್ಟಾಗಿದ್ದಕ್ಕೆ ದುಡ್ಡು ಕೇಳಿ ಕೇಸು ಹಾಕೋರು ಅಂದ್ರೆ ಅಸಹ್ಯ, ನೋವು ಬಂದ್ರೆ ತಡ್ಕೋಬೇಕು, ಅದನ್ನ ದುಡ್ಡು ಮಾಡ್ಕೋಬಾರದು ಅನ್ನೋ ಮಾತು. ಅದೇ ಜನ ಕೊಟ್ಟ ಸಾಲ ವಾಪಸ್ ಬರ್ಲಿಲ್ಲ ಅಂದ್ರೆ, ಆಡಿದ ಕರಾರು ಮುರಿದ್ರೆ ಯಾವ ಸಂಕೋಚಾನೂ ಇಲ್ದೆ ಕೋರ್ಟಿಗೆ ಹೋಗ್ತಿದ್ರು. ಪೆಟ್ಟಿನ ಕೇಸು ಹಾಕ್ತಿದ್ದವರು ಬಹಳ ಕಮ್ಮಿ, ಆದ್ರೂ ಊರಿಗೆಲ್ಲ ಅವರೇ ಕಣ್ಣಿಗೆ ಬೀಳ್ತಿದ್ರು. ನಿಮ್ಮ ಆಯಿ ಮಾತಿಗೂ ಆ ರೈತರ ಮಾತಿಗೂ ಎಷ್ಟು ದೂರ ಇದೆ ಹೇಳಿ? ಇದನ್ನ ನಿಮ್ಮ ಚಿಕ್ಕಪ್ಪನ ಮಗಂಗೂ ಓದಿ ಹೇಳಿ.

ಇದೇ ಎಂಗೆಲ್ ಅವರು ಥಾಯ್ಲೆಂಡಿನ ಚಿಯಾಂಗ್ ಮಾಯ್ ಕಡೆ ವರ್ಷಗಟ್ಟಲೆ ಕೆಲಸ ಮಾಡಿ, 2010ರಲ್ಲಿ ಹೇಳಿದ ವಿಷಯ ನನಗೆ ನಮ್ಮ ಕರಾವಳಿಯನ್ನೇ ನೋಡಿ ಹೇಳಿದ ಹಾಗೆ ಅನ್ಸಿತ್ತು. ಅಲ್ಲಿ ಹಿಂದೆ ಯಾರಿಂದಾದ್ರೂ ಇನ್ನೊಬ್ಬನಿಗೆ ಪೆಟ್ಟಾದ್ರೆ ಅದು ಇಡೀ ಊರಿಗೆ, ಊರ ಕಾಯೋ ದೈವಕ್ಕೆ ಆದ ಪೆಟ್ಟು. ಹಿರಿಯರು ಕೂತು ತಪ್ಪು ಮಾಡಿದವನಿಂದ ದಂಡ ಕಟ್ಟಿಸಿ, ಗಾಯ ಆದವನಿಗೂ ಕೊಡಿಸಿ, ದೈವಕ್ಕೂ ಪೂಜೆ ಮಾಡಿಸ್ತಿದ್ರು, ತಪ್ಪಿಸ್ಕೊಳ್ಳೋ ಹಾಗಿರ್ಲಿಲ್ಲ. ಆಮೇಲೆ ರಸ್ತೆ ಬಂತು, ಜನ ಪೇಟೆ ಸೇರಿದ್ರು, ಹೊಡೆದವ ಯಾವೂರಿನವನೋ, ಪೆಟ್ಟು ತಿಂದವ ಯಾವೂರಿನವನೋ. ಊರಿನ ಕೈಯಲ್ಲಿದ್ದ ಅಧಿಕಾರ ಹೋಯ್ತು. ಆಗ ಜನ ಕೋರ್ಟಿಗೆ ಹೋಗ್ತಾರೆ ಅಂತ ನಾವಂದ್ಕೋತೇವೆ, ಹಾಗಾಗ್ಲಿಲ್ಲ. ನಮ್ಮ ಕರ್ಮ, ಕ್ಷಮಿಸಿಬಿಡೋಣ ಅಂತ ಸುಮ್ಮನಾದ್ರು. ಹಳೇ ನ್ಯಾಯದಲ್ಲಿ ಹಣ ಕೊಡಿಸೋ ಭಾಗ ಕಳೆದುಹೋಯ್ತು, ಸಹಿಸ್ಕೊಳ್ಳೋ ಭಾಗ ಮಾತ್ರ ಉಳೀತು.

ನಮ್ಮಲ್ಲೂ ಊರ ಹಿರಿಯರ ನ್ಯಾಯ ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳಲ್ಲ. ಗದ್ದೆ ಅಂಚಿನ ತಕರಾರು, ಬಲೆ ಹರಿದ ತಕರಾರು, ನೀರಿನ ಪಾಳಿ ಇವೆಲ್ಲ ಕೋರ್ಟಿಗಿಂತ ಅವರೇ ಚೆನ್ನಾಗಿ ಬಗೆಹರಿಸ್ತಾರೆ, ಯಾಕಂದ್ರೆ ಎರಡೂ ಕಡೆಯವರು ನಾಳೆ ಅದೇ ದಡದಲ್ಲಿ ಮುಖ ನೋಡ್ಕೋಬೇಕು, ಹಿರಿಯರಿಗೂ ವಿಷಯದ ಒಳಹೊರಗು ಗೊತ್ತಿರುತ್ತೆ. ಅಪಘಾತದಲ್ಲಿ ಕಟ್ಟೆ ಮೇಲೆ ಬರದೇ ಇರೋ ಮೂರನೆಯವ ಒಬ್ಬ ಇದಾನೆ, ವಿಮಾ ಕಂಪನಿ. ದುಡ್ಡು ಕೊಡಬೇಕಾದವ ಅವನು. ನಿಮ್ಮ ಹಿರಿಯರು ಮಾಲೀಕನ ಜೇಬಿಗೂ ತಮ್ಮನ ಕಾಲಿಗೂ ನಡುವೆ ಚೌಕಾಶಿ ಮಾಡಿ 1 ಲಕ್ಷ ಅಂದ್ರು, ಪಾಪ ಅವರ ಮಟ್ಟಿಗೆ ಅವರು ಮಾಲೀಕನ ಶಕ್ತಿ ನೋಡೇ ಹೇಳಿರ್ತಾರೆ, ಆದ್ರೆ ಪ್ರೀಮಿಯಂ ತಗೊಂಡ ಕಂಪನಿ ಒಂದು ಪೈಸೆ ಬಿಚ್ಚದೆ ಹೊರಗೇ ಉಳೀತು. ರಸ್ತೆ ಮೇಲೆ ಓಡೋ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿರೋದೇ ಇಂಥ ಹೊತ್ತಿಗೆ.

ನಮ್ಮ ಜನಕ್ಕೆ ಕಾನೂನು ಆಗಲ್ಲ ಅನ್ನೋರಿಗೆ ನಾನು ಯಾವಾಗಲೂ ಫಾರ್ಮ್ ನಂಬರ್ 7ರ, ಅಂದ್ರೆ ಗೇಣಿದಾರರು ಭೂಮಿಗೆ ಹಾಕಿದ ಅರ್ಜಿಯ ನೆನಪು ಮಾಡ್ತೇನೆ. 1974ರ ಮಾರ್ಚ್ 1ರಿಂದ ಉಳುವವನಿಗೆ ಭೂಮಿ ಅಂತ ಬಂತಲ್ಲ, ಆಗ ಒಡೆಯರ ಅಂಗಳದಲ್ಲಿ ತಲೆ ಎತ್ತಿ ಮಾತಾಡದ ಗೇಣಿದಾರರು, ಓದು ಬರಹ ಬಾರದವರು, ನಮ್ಮ ಜಿಲ್ಲೆಯ ಉದ್ದಗಲಕ್ಕೂ ಅರ್ಜಿ ಹಾಕಿದ್ರು. ಹೊಸದಾಗಿ ಧೈರ್ಯ ಎಲ್ಲಿಂದ ಬಂತು? ಭೂ ನ್ಯಾಯಮಂಡಳಿ ತಾಲೂಕಿಗೇ ಬಂತು, ಅಸಿಸ್ಟೆಂಟ್ ಕಮಿಷನರ್ ಜೊತೆ ಊರು ಕಡೆಯ ಸದಸ್ಯರೂ ಕೂರ್ತಿದ್ರು, ಮೊದಮೊದಲು ವಕೀಲರಿಗೆ ಅಲ್ಲಿ ವಾದ ಮಾಡೋ ಅವಕಾಶ ಇರ್ಲಿಲ್ಲ, ಒಂದು ಫಾರ್ಮ್ ತುಂಬಿದ್ರೆ ಆಯ್ತು. ಒಕ್ಕಲು ಎಬ್ಬಿಸ್ತಾರೆ ಅನ್ನೋ ಹೆದರಿಕೆ ಇದ್ದೇ ಇತ್ತು, ಆದ್ರೂ ಹಾಕಿದ್ರು. ಆಮೇಲೆ ಸೀಬರ್ಡ್ ನೌಕಾನೆಲೆಗೆ ಕಾರವಾರ ಅಂಕೋಲಾದ ಹಳ್ಳಿಗಳು ಎದ್ದಾಗಲೂ ಪರಿಹಾರ ಸಾಲದು ಅಂತ ಜನ ವರ್ಷಗಟ್ಟಲೆ ಕೋರ್ಟಿಗೆ ಅಲೆದ್ರು. ಬಾಗಿಲು ತೆಗೆದಿದೆ, ಒಳಗೆ ಹೋದವನಿಗೆ ಏನೋ ಸಿಕ್ಕಿದೆ ಅಂತ ಕಂಡ್ರೆ ನಮ್ಮ ಜನ ಹೋಗ್ತಾರೆ. ಪಕ್ಕದ ಮನೆಯವ ಹತ್ತು ವರ್ಷ ಅಲೆದು ಬರಿಗೈಲಿ ಬಂದಿದ್ದು ಕಂಡ್ರೆ 'ಕೋರ್ಟ್ ಮೆಟ್ಲು ಹತ್ತಬಾರದು' ಅಂತಾರೆ. ಆಯಿ ಮಾತು ಹೀಗೆ ಕಂಡದ್ದರಿಂದ ಬಂದ ಮಾತು, ಅದಕ್ಕೆ ನೀವು ನಾಚಿಕೆ ಪಡೋದೇನಿಲ್ಲ.

ಈಗ ನಿಮ್ಮ ಕೇಸಿಗೆ ಬರೋಣ.

ಎಲ್ಲಕ್ಕಿಂತ ಮೊದಲು ಟೆಂಪೋದ ನಂಬರ್ ಹಾಕಿ ಪರಿವಾಹನ್ ಆ್ಯಪಲ್ಲಿ ಅಪಘಾತದ ದಿನ ವಿಮೆ ಚಾಲ್ತಿ ಇತ್ತಾ ನೋಡಿ, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಇಡೀ ಲೆಕ್ಕ ಇದರ ಮೇಲೆ ನಿಂತಿದೆ. ವಿಮೆ ಇದ್ರೆ 'ಆ ಮನೆ ಹಾಳಾಗುತ್ತೆ' ಅನ್ನೋ ಆಯಿಯ ಹೆದರಿಕೆಗೆ ಬಹುಪಾಲು ಆಧಾರ ಇಲ್ಲ. ಇಲ್ಲದಿದ್ರೆ ಪರಿಹಾರ ಮಾಲೀಕರ ತಲೆ ಮೇಲೇ ಬರುತ್ತೆ, ಆಗ ಹಿರಿಯರನ್ನ ಇಟ್ಕೊಂಡು ಮಾಲೀಕರ ಹತ್ರ ಮಾತಾಡೋದಕ್ಕೆ ನಿಜಕ್ಕೂ ಅರ್ಥ ಇದೆ, ಆದ್ರೆ ಅದನ್ನೂ ಬಾಂಡ್ ಪೇಪರಲ್ಲಿ ಮುಗಿಸ್ಬೇಡಿ, ಲೋಕ ಅದಾಲತ್ತಲ್ಲಿ ಬರೆಸಿ, ಅಲ್ಲಿನ ಅವಾರ್ಡ್ ಅಂದ್ರೆ ಕೋರ್ಟ್ ಡಿಕ್ರಿ ಇದ್ದ ಹಾಗೆ, ದುಡ್ಡು ಕೊಡದಿದ್ರೆ ವಸೂಲಿಗೆ ಹಾಕಬಹುದು.

ಹುಡುಗನ ಲೈಸೆನ್ಸ್ ವಿಚಾರಾನೂ ಕೇಳಿ. ಲೈಸೆನ್ಸೇ ಇಲ್ಲ ಅಂದ್ರೆ ಕೋರ್ಟು ಸಾಮಾನ್ಯವಾಗಿ ವಿಮಾ ಕಂಪನಿಗೆ 'ನೀವು ಮೊದಲು ಕೊಡಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡ್ಕೊಳ್ಳಿ' ಅನ್ನುತ್ತೆ, ಆವಾಗ ನಿಮಗೆ ದುಡ್ಡು ಬಂದ್ರೂ ಕೊನೆಗೆ ಭಾರ ಆ ಮನೆ ಮೇಲೇ ಬೀಳಬಹುದು, ಇದನ್ನ ಆಯಿಗೆ ಮುಚ್ಚಿಡಬೇಡಿ. ಆದ್ರೆ ಕಾರಿನ ಲೈಸೆನ್ಸ್ ಇದೆ, ಗೂಡ್ಸ್ ಗಾಡಿದು ಬೇರೆ ಇಲ್ಲ ಅಂತ ಅವರು ಹೆದರ್ತಿದ್ರೆ ಆ ಹೆದರಿಕೆ ಬೇಡ, 7500 ಕೆಜಿ ಒಳಗಿನ ಗಾಡಿಗೆ ಎಲ್‌ಎಂವಿ, ಅಂದ್ರೆ ಲಘು ವಾಹನದ ಲೈಸೆನ್ಸೇ ಸಾಕು ಅಂತ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿ ಆಗಿದೆ. ಎಷ್ಟೋ ಮಾಲೀಕರು ಇದು ಗೊತ್ತಿಲ್ದೆ ಕೈಯಿಂದ ದುಡ್ಡು ಕೊಟ್ಟು ಮುಚ್ಚಿಹಾಕೋಕೆ ನೋಡ್ತಾರೆ. ಪೊಲೀಸ್ ಕೇಸಾದ್ರೆ ಹುಡುಗ ಜೈಲಿಗೆ ಹೋಗ್ತಾನೆ ಅನ್ನೋದೂ ದೊಡ್ಡ ಭಯ. ಪ್ರಾಣ ಹೋದ ಕೇಸು ಬೇರೆ. ಗಾಯದ ಕೇಸುಗಳಲ್ಲಿ ಜಾಮೀನು ಸಿಗುತ್ತೆ, ನಾನು ಕಂಡ ಹಾಗೆ ಬಹುಪಾಲು ದಂಡ ಕಟ್ಟಿ ಮುಗಿಯುತ್ತೆ. ಗಾಡಿ ಸ್ವಲ್ಪ ದಿನ ಸ್ಟೇಷನ್ನಲ್ಲಿ ನಿಲ್ಲುತ್ತೆ, ಬಾಡಿಗೆ ತಪ್ಪುತ್ತೆ, ಆ ನಷ್ಟ ಅವರಿಗೆ ಆಗೇ ಆಗುತ್ತೆ.

ನಿಮ್ಮ ತಮ್ಮನಿಗೆ ಕಾನೂನು ಏನು ಕೊಡುತ್ತೆ? ಎರಡು ದಾರಿ ಇದೆ. ಮೂಳೆ ಮುರಿದ್ರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯ. ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಪ್ರಕಾರ ತೀವ್ರ ಗಾಯಕ್ಕೆ, ತಪ್ಪು ಯಾರದ್ದು ಅಂತ ಸಾಬೀತು ಮಾಡದೇನೇ, 2.5 ಲಕ್ಷ. ಪ್ರಾಣ ಹೋದ್ರೆ 5 ಲಕ್ಷ. ಅಂದ್ರೆ ಕಟ್ಟೆ ಮೇಲಿನ ಪೂರ್ತಿ ಮೊತ್ತ ಕಾನೂನಿನ ಈ ಸುಲಭದ ದಾರಿಯ ಅರ್ಧಕ್ಕೂ ಬರಲ್ಲ. ಇನ್ನೊಂದು 166ನೇ ಕಲಂ, ಇಲ್ಲಿ ಟೆಂಪೋದವನ ತಪ್ಪು ತೋರಿಸ್ಬೇಕು, ಆದ್ರೆ ಚಿಕಿತ್ಸೆ ಖರ್ಚು, ದುಡಿಮೆ ನಿಂತ ತಿಂಗಳುಗಳು, ನೋವು, ಮುಂದೆ ದುಡಿಯೋ ಶಕ್ತಿ ಕಮ್ಮಿಯಾಗಿದ್ದು ಎಲ್ಲ ಕೇಳಬಹುದು. ಒಂದು ಎಚ್ಚರಿಕೆ: ಕಂಪನಿಯವರು ಕೊಡೋ 164ರ ಮೊತ್ತ ಒಪ್ಪಿ ತಗೊಂಡ್ರೆ 166ರ ಅರ್ಜಿ ಅಲ್ಲಿಗೇ ಬಿದ್ದು ಹೋಗುತ್ತೆ. ಅವಸರಕ್ಕೆ ಬಿದ್ದು ಇದನ್ನ ಗಮನಿಸ್ದೆ ಸಹಿ ಹಾಕಿಬಿಡ್ತಾರೆ ಜನ.

166ರ ಲೆಕ್ಕ ಹೇಗೆ ಅಂತ ಒಂದು ಉದಾಹರಣೆ ಹೇಳ್ತೇನೆ, ಇದು ಬರೀ ತಿಳಿಸೋಕೆ, ನಿಮಗೆ ಇಷ್ಟೇ ಸಿಗುತ್ತೆ ಅಂತಲ್ಲ. ತಿಂಗಳ ದುಡಿಮೆ 15 ಸಾವಿರ ಅಂತಿಟ್ಕೊಳ್ಳಿ, ವರ್ಷಕ್ಕೆ 1.80 ಲಕ್ಷ. 34ರ ವಯಸ್ಸಿಗೆ ಸುಪ್ರೀಂ ಕೋರ್ಟು 2009ರ ಸರ್ಲಾ ವರ್ಮಾ ತೀರ್ಪಲ್ಲಿ ಹಾಕಿಕೊಟ್ಟ ಗುಣಕ 16, ಅಂದ್ರೆ ವರ್ಷದ ದುಡಿಮೆಯನ್ನ 16ರಿಂದ ಗುಣಿಸ್ಬೇಕು. ದುಡಿಯೋ ಶಕ್ತಿ ಶೇ 20 ಹೋಯ್ತು ಅಂತ ಕೋರ್ಟ್ ಒಪ್ಪಿದ್ರೆ ಬರೀ ಈ ಒಂದು ಬಾಬ್ತಿಗೇ 5.76 ಲಕ್ಷ. ಆಸ್ಪತ್ರೆ ಬಿಲ್ಲು, ಬಡ್ಡಿ ಎಲ್ಲ ಬೇರೆ. ಈ ಶೇಕಡಾ ಅನ್ನೋದ್ರಲ್ಲಿ ಒಂದು ಸೂಕ್ಷ್ಮ ಇದೆ. ಡಾಕ್ಟರು ಕಾಲಿಗೆ ಇಷ್ಟು ಊನ ಅಂತ ಬರೀತಾರೆ, ಆದ್ರೆ ದುಡಿಮೆಗೆ ಎಷ್ಟು ಪೆಟ್ಟು ಅನ್ನೋದನ್ನ ಅವನ ಕಸುಬು ನೋಡಿ ಕೋರ್ಟೇ ತೀರ್ಮಾನ ಮಾಡ್ಬೇಕು ಅಂತ 2010ರ ರಾಜ್‌ಕುಮಾರ್ ತೀರ್ಪಿದೆ. ಆಫೀಸಲ್ಲಿ ಕೂತು ಕೆಲಸ ಮಾಡೋನ ಕಾಲಿಗೂ ಬೋಟಿನವನ ಕಾಲಿಗೂ ವ್ಯತ್ಯಾಸ ಇಲ್ವಾ? ಅಲೆಗೆ ತೂಗೋ ಬೋಟಲ್ಲಿ, ಒದ್ದೆ ಹಲಗೆ ಮೇಲೆ, ಎರಡೂ ಕಾಲು ಊರಿ ನಿಂತು ಬಲೆ ಎಳೀಬೇಕು, ಮೊಣಕಾಲು ಪೂರ್ತಿ ಮಡಚಕ್ಕೆ ಬರದವನನ್ನ ಬೋಟಿನ ಮುಖ್ಯಸ್ಥ ತಾಂಡೇಲ ಬೋಟು ಹತ್ತಿಸ್ಕೊಳ್ಳಲ್ಲ. ಇದನ್ನ ಬಾಯಲ್ಲಿ ಹೇಳಿದ್ರೆ ಸಾಲದು, ಅವನ ಜೊತೆ ಬೋಟಿಗೆ ಹೋಗ್ತಿದ್ದವರೊಬ್ಬರು ಬಂದು ಸಾಕ್ಷಿ ಹೇಳ್ಬೇಕು, ಮೀನುಗಾರಿಕೆ ಗುರುತಿನ ಚೀಟಿ, ಸಹಕಾರಿ ಸಂಘದ ಪಾಸ್‌ಬುಕ್ ಏನಿದ್ಯೋ ಎಲ್ಲ ತೆಗೆದಿಡಿ.

ನಿಮ್ಮ ಕೇಸಿನ ಅತಿ ದೊಡ್ಡ ತೊಂದ್ರೆ ಅಂದ್ರೆ ಆ 'ಸ್ಕಿಡ್ ಆಗಿ ಬಿದ್ದ' ಅನ್ನೋ ಒಂದು ಸಾಲು. ನಮ್ಮ ಕಡೆ ಇದು ಮತ್ತೆ ಮತ್ತೆ ಆಗುತ್ತೆ, ಅಲ್ಲೇ ನಿಂತು ಮಾಲೀಕರ ಕಡೆಯವರು ಕೈ ಮುಗೀತಾರೆ, ಪೊಲೀಸ್ ಗಿಲೀಸ್ ಬೇಡ ಎಲ್ಲ ಖರ್ಚು ನಮ್ದು ಅಂತಾರೆ, ಗಾಬರಿಯಲ್ಲಿರೋ ಮನೆಯವರು ಹೂಂ ಅಂದುಬಿಡ್ತಾರೆ, ಡ್ಯೂಟಿ ಡಾಕ್ಟರು ಹೇಳಿದ್ದನ್ನ ಬರ್ಕೋತಾರೆ. ನಾಳೆ ವಿಮಾ ಕಂಪನಿ ವಕೀಲರು ಮೊದಲು ತೆಗೆಯೋದೇ ಆ ಕಾಗದ, ಇವನು ಸ್ವಂತ ಬಿದ್ದಿದ್ದು, ಆಮೇಲೆ ವಿಮೆ ಇರೋ ಗಾಡಿ ಹುಡುಕಿ ತಂದಿದಾರೆ ಅಂತ. ಇಂಥ ಸುಳ್ಳು ಕೇಸು ಮಾಡೋರೂ ಇದಾರೆ, ಹಾಗಾಗಿ ಜಡ್ಜುಗಳು ಅನುಮಾನದಿಂದ ನೋಡಿದ್ರೆ ಅವರನ್ನ ದೂರೋ ಹಾಗಿಲ್ಲ. ಬರೀ ತಡ ಆಯ್ತು ಅಂತ ಕ್ಲೇಮ್ ತಳ್ಳಿಹಾಕೋ ಹಾಗಿಲ್ಲ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಗಾಯಾಳುವನ್ನ ಉಳಿಸ್ಕೊಳ್ಳೋದು ಬಿಟ್ಟು ಮನೆಯವರು ಮೊದಲು ಸ್ಟೇಷನ್ನಿಗೆ ಓಡ್ಬೇಕು ಅಂತ ಬಯಸೋದು ಸರಿಯಲ್ಲ ಅನ್ನೋ ಅರ್ಥದಲ್ಲಿ. ಆದ್ರೆ ತಡಕ್ಕೆ ಕಾರಣ ನಂಬೋ ಹಾಗಿರ್ಬೇಕು.

ನಿಮ್ಮ ಹತ್ರ ಅದೃಷ್ಟಕ್ಕೆ ಒಂದು ಬಲವಾದ ದಾಖಲೆ ಇದೆ, ಫೋನ್‌ಪೇ. ಸ್ವಂತ ಬಿದ್ದವನಿಗೆ ಟೆಂಪೋ ಮಾಲೀಕರು 40 ಸಾವಿರ ಯಾಕೆ ಹಾಕ್ತಾರೆ? ಅದರ ತಾರೀಖು, ಆ ದಿನಗಳ ವಾಟ್ಸಾಪ್ ಮಾತುಕತೆ, ಧ್ವನಿ ಸಂದೇಶ ಏನಿದ್ರೂ ಅಳಿಸ್ಬೇಡಿ, ಫೋನೂ ಬದಲಾಯಿಸ್ಬೇಡಿ. 108ರವರ ದಾಖಲೆಯಲ್ಲಿ ಎಲ್ಲಿಂದ ಎತ್ಕೊಂಡ್ರು, ಯಾವ ಹೊತ್ತು ಅಂತ ಇರುತ್ತೆ. ಬೈಕನ್ನ ರಿಪೇರಿ ಮಾಡಿಸ್ದೆ ಇದ್ರೆ ಹಾಗೇ ಬಿಡಿ, ಹಿಂದಿನ ಮಡ್‌ಗಾರ್ಡ್, ಹಿಂದಿನ ಚಕ್ರ ನಜ್ಜಾಗಿರೋದು ಸ್ಕಿಡ್ ಆಗಿದ್ದಲ್ಲ ಅಂತ ತಾನೇ ಹೇಳುತ್ತೆ. ಅವತ್ತು ಎತ್ತಿ ಕೂರಿಸಿದವರು ಯಾರು ಅಂತ ನೆನಪು ಮಾಡ್ಕೊಳ್ಳಿ. ಕಟ್ಟೆ ಮೇಲೆ ಕೂತ ಹಿರಿಯರೂ ನಿಮಗೆ ಸಾಕ್ಷಿಯೇ, ಅವರ ಎದುರಿಗೇ ಟೆಂಪೋದವರು ಒಪ್ಕೊಂಡಿದ್ದು, ಅವರನ್ನ ಎದುರು ಹಾಕ್ಕೋಬೇಡಿ.

ಈ ವಾರಾನೇ ಸ್ಟೇಷನ್ನಿಗೆ ಲಿಖಿತ ದೂರು ಕೊಡಿ. ಅದ್ರಲ್ಲಿ ಏನೂ ಬಣ್ಣ ಕಟ್ಬೇಡಿ. ಆಸ್ಪತ್ರೆಯಲ್ಲಿ ಹೀಗೆ ಬರೆಸಿದ್ವಿ, ಯಾಕೆ ಬರೆಸಿದ್ವಿ, 40 ಸಾವಿರ ತಗೊಂಡ್ವಿ, ರಾಜಿ ಮಾತು ನಡೀತಿತ್ತು ಹಾಗಾಗಿ ತಡ ಆಯ್ತು ಅಂತ ಇದ್ದದ್ದು ಇದ್ದ ಹಾಗೆ ಬರೀರಿ, ಮುಚ್ಚಿಟ್ಟು ಆಮೇಲೆ ಸಾಕ್ಷಿ ಕಟ್ಟೆಯಲ್ಲಿ ಸಿಕ್ಕಿಬಿದ್ರೆ ಕೇಸೇ ಹೋಗುತ್ತೆ. ಸ್ಟೇಷನ್ನಲ್ಲಿ ತಗೊಳ್ಳಲಿಲ್ಲ ಅಂದ್ರೆ ಅದೇ ದೂರನ್ನ ಎಸ್‌ಪಿ ಅವರಿಗೆ ರಿಜಿಸ್ಟರ್ ಪೋಸ್ಟ್ ಮಾಡಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ. ಪಡೆದ 40 ಸಾವಿರ ಪರಿಹಾರದಲ್ಲಿ ಮುರ್ಕೋಬಹುದು ಅಷ್ಟೇ, ಅದನ್ನ ತಗೊಂಡಿದ್ದು ಅಪರಾಧ ಏನಲ್ಲ.

ಟೈಮಿನ ಮಾತು ಹೇಳ್ತೇನೆ ಅಂದಿದ್ದೆ. 2022ರ ಏಪ್ರಿಲ್ 1ರಿಂದ ಅಪಘಾತ ಆದ ದಿನದಿಂದ ಆರು ತಿಂಗಳ ಒಳಗೆ ಅಪಘಾತ ಪರಿಹಾರದ ಕೇಸು ನಡೆಸೋ ಟ್ರಿಬ್ಯುನಲ್‌ಗೆ ಅರ್ಜಿ ಹಾಕ್ಬೇಕು ಅಂತ ಕಾಯ್ದೆಯಲ್ಲಿ ಸೇರಿದೆ. ಎಫ್‌ಐಆರ್ ಆದ ದಿನದಿಂದಲ್ಲ, ಅಪಘಾತ ಆದ ದಿನದಿಂದ. ಈ ನಿಯಮವನ್ನ ಸುಪ್ರೀಂ ಕೋರ್ಟಲ್ಲಿ ಪ್ರಶ್ನೆ ಮಾಡಿದಾರೆ, ಅದರ ಮೇಲೆ ಭಾರ ಹಾಕಿ ಕೂರ್ಬೇಡಿ, ನಿಮಗಿನ್ನು ಎರಡೇ ತಿಂಗಳು ಅಂತಿಟ್ಕೊಂಡೇ ಓಡಾಡಿ. ನೀವಿರೋ ಊರಿನ ವ್ಯಾಪ್ತಿಯ ಕೋರ್ಟಲ್ಲೇ ಅರ್ಜಿ ಹಾಕಬಹುದು, ಬೇರೆ ಕಡೆ ಅಲೆಯೋದು ಬೇಡ. ವಕೀಲರ ಫೀಸಿಗೆ ದುಡ್ಡಿಲ್ಲ ಅಂದ್ರೆ ಕೋರ್ಟ್ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇದೆ, 15100ಕ್ಕೆ ಫೋನ್ ಮಾಡಿದ್ರೂ ದಾರಿ ಹೇಳ್ತಾರೆ. ಹೆಣ್ಮಕ್ಕಳಿಗೆ ವರಮಾನ ನೋಡದೆ ಪುಕ್ಕಟೆ ವಕೀಲರು ಸಿಗ್ತಾರೆ, ತಮ್ಮನಿಗೆ ವರಮಾನದ ಮಿತಿ ಒಳಗಿದ್ರೆ ಅಥವಾ ಪರಿಶಿಷ್ಟ ಜಾತಿ, ಪಂಗಡದವರಾಗಿದ್ರೆ ಸಿಗುತ್ತೆ. ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ನನಗೆ ಅಂತ ಯಾವ ವಕೀಲರಾದ್ರೂ ಕೇಳಿದ್ರೆ ಒಪ್ಕೋಬೇಡಿ, ಬಾರ್ ಕೌನ್ಸಿಲ್ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ, ನಮ್ಮ ವೃತ್ತಿಗೇ ಕೆಟ್ಟ ಹೆಸರು ತಂದಿರೋ ಚಾಳಿ ಅದು, ಜನ ಕೋರ್ಟಿಂದ ದೂರ ಓಡೋಕೆ ಇದೂ ಒಂದು ಕಾರಣ.

ಸಹಿ ಹಾಕಿ 60 ಸಾವಿರ ತಗೊಂಡು ಮುಗಿಸ್ಬಿಡೋಣ ಅನ್ನೋದೂ ಒಂದು ದಾರಿ, ಅದರ ಲಾಭ ಅಂದ್ರೆ ನಾಳೆನೇ ಕೈಗೆ ದುಡ್ಡು, ಓಡಾಟ ಇಲ್ಲ. ಕೇಸು ಹಾಕಿದ್ರೆ ಒಂದೆರಡು ವರ್ಷ ಆಗಬಹುದು, ಇನ್ನೂ ಎಳೆದ್ರೂ ಎಳೀಬಹುದು, ಆ ಸ್ಕಿಡ್ ಸಾಲಿನಿಂದ ಸೋತ್ರೂ ಸೋಲಬಹುದು. ಇದೂ ನಿಮಗೆ ಗೊತ್ತಿರ್ಬೇಕು. ಬಾಂಡ್ ಪೇಪರ್ ಒಂದರಿಂದಲೇ ಟ್ರಿಬ್ಯುನಲ್ ಬಾಗಿಲು ಮುಚ್ಚಿಹೋಗಲ್ಲ, ಆದ್ರೆ ಕಂಪನಿಯವರ ಕೈಗೆ ಇನ್ನೊಂದು ಕಾಗದ ಕೊಟ್ಟ ಹಾಗಾಗುತ್ತೆ. ರಾಡ್ ತೆಗೆಸೋ ಆಪರೇಷನ್ ಇನ್ನೂ ಬಾಕಿ ಇರ್ಬಹುದು, ಕಾಲು ಎಷ್ಟರ ಮಟ್ಟಿಗೆ ಸರಿಯಾಗುತ್ತೆ ಅಂತ ಯಾವ ಡಾಕ್ಟರೂ ಈಗ್ಲೇ ಹೇಳಲ್ಲ, ಅಷ್ಟರೊಳಗೆ 'ಮುಂದೆ ಏನೂ ಕೇಳಲ್ಲ' ಅಂತ ಬರ್ಕೊಡೋದು ನನಗೆ ಸರಿ ಕಾಣಲ್ಲ.

ನನ್ನನ್ನ ಕೇಳಿದ್ರೆ ನಡುವಿನ ದಾರಿ ಒಂದಿದೆ. ಭಾವನವರನ್ನ ಕರ್ಕೊಂಡು, ಕಟ್ಟೆ ಮೇಲೆ ಬೇಡ, ಟೆಂಪೋ ಮಾಲೀಕರ ಮನೆಗೇ ಹೋಗಿ. ನಿಮ್ಮ ಮೇಲೆ ದ್ವೇಷ ಇಲ್ಲ, ನಿಮ್ಮ ಜೇಬಿಂದ ದುಡ್ಡು ಬೇಡ, ವಿಮಾ ಕಂಪನಿಯಿಂದ ಬರೋದನ್ನ ಬಿಡಬಾರದು ಅಷ್ಟೇ, ಹಾಗಾಗಿ ನಡೆದದ್ದನ್ನ ಇದ್ದ ಹಾಗೆ ಪೊಲೀಸರಿಗೆ ಹೇಳಿ, ಪಾಲಿಸಿ ಕಾಪಿ ಕೊಡಿ, ಕಂಪನಿಗೂ ನೀವೇ ತಿಳಿಸಿ ಅಂತ ಹೇಳಿ. ಒಪ್ಪಿದ್ರೆ ಆ ಸ್ಕಿಡ್ ಸಾಲಿನ ತೊಂದ್ರೆ ಎಷ್ಟೋ ಹಗುರ ಆಗುತ್ತೆ. ಆಮೇಲೆ ಕೇಸು ಹಾಕಿ ಲೋಕ ಅದಾಲತ್ತಲ್ಲಿ ಕಂಪನಿ ಜೊತೆಗೇ ರಾಜಿಗೆ ಕೂರಬಹುದು, ವರ್ಷಗಟ್ಟಲೆ ಕಾಯೋದು ತಪ್ಪುತ್ತೆ, ಸ್ವಲ್ಪ ಕಮ್ಮಿಗೆ ಒಪ್ಪಬೇಕಾಗುತ್ತೆ, ಅಲ್ಲಿ ಒಪ್ಪಿದ ಮೇಲೆ ಅಪೀಲು ಇಲ್ಲ ಅನ್ನೋದು ನೆನಪಿರ್ಲಿ. ಆಯಿಗೂ ಹೀಗೇ ಹೇಳಿ ನೋಡಿ. ಆ ಹುಡುಗನ ಮೇಲೆ ಅವರಿಗಿರೋ ಕರುಣೆ ನಿಜವಾದದ್ದು, ಅದನ್ನ ಯಾರೂ ಬಿಡಿಸೋದು ಬೇಡ. ಹುಡುಗನ ಮನೆಯಿಂದ ಏನೂ ತರದೆ ಮಗನ ಕಾಲಿಗೆ ಬರೋ ಹಣ ಅಂತ ತಿಳಿದ ಮೇಲೆ ಪ್ರಸಾದ ಕೇಳಬೇಕು ಅನ್ಸಿದ್ರೆ ಇನ್ನೊಮ್ಮೆ ಕೇಳಲಿ, ನಾ ಬೇಡ ಅನ್ನಲ್ಲ.

ಗೋವಾದ ಆಸ್ಪತ್ರೆಯಿಂದ ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಬಿಲ್ಲುಗಳ ಮೂಲ ಪ್ರತಿ ಎಲ್ಲ ತಂದಿಟ್ಕೊಳ್ಳಿ. ಕಾರವಾರದ ಮೊದಲ ದಾಖಲೆಯ ಕಾಪಿಗೂ ಈಗ್ಲೇ ಅರ್ಜಿ ಕೊಡಿ, ಅದನ್ನ ತಿದ್ದಿಸೋಕೆ ಮಾತ್ರ ಯಾರಿಗೂ ಹೇಳಬೇಡಿ, ಯಾರಾದ್ರೂ ಮಾಡಿಸ್ಕೊಡ್ತೇನೆ ಅಂತ ಬಂದ್ರೂ ಬೇಡ. ದೂರಿನ ಸ್ವೀಕೃತಿ ಕೈಗೆ ಬಂದ ಮೇಲೆ ಅದರ ಕಾಪಿ ತಗೊಂಡು ಕಾನೂನು ಸೇವಾ ಸಮಿತಿಗೋ ನಿಮಗೆ ನಂಬಿಕೆ ಇರೋ ವಕೀಲರ ಹತ್ರಾನೋ ಹೋಗಿ, ತಮ್ಮನನ್ನೂ ಆಟೋದಲ್ಲಿ ಕೂರಿಸ್ಕೊಂಡು ಹೋಗಿ, ಅವನ ಕೇಸು ಅವನ ಬಾಯಿಂದಾನೇ ಹೇಳಲಿ.